ಬೆಹ್ರೆಂಟ್ ಬಗ್ಗೆನೂ ಒಂದು ಪುಟ ಬರೀರಿ

ಸಂಪಾದಕರಿಗೆ ನಮಸ್ಕಾರ,

ಕ್ರೀಡಾ ಪುಟದಲ್ಲಿ ಬಾಕ್ಸಿಂಗ್ ಅಂದ್ರೆ ಬರೋದೆಲ್ಲ ದುಡ್ಡಿನ ಪ್ರೊಫೆಷನಲ್ ಫೈಟ್‌ಗಳೇ. ಜರ್ಮನಿ ವಿಷಯ ಬಂದ್ರೆ ಹಳೇ ಹೆವಿವೇಟ್ ಚಾಂಪಿಯನ್ ಮ್ಯಾಕ್ಸ್ ಶ್ಮೆಲಿಂಗ್ ಹೆಸರು ಹೇಳಿ ಮುಗಿಸ್ತಾರೆ. ಪೂರ್ವ ಜರ್ಮನಿಯ ಬಾಕ್ಸರ್ ವೋಲ್ಫ್‌ಗಾಂಗ್ ಬೆಹ್ರೆಂಟ್ ಬಗ್ಗೆ ಯಾರಾದ್ರೂ ಬರೀಲಿ ಅಂತ ನಂಗೆ ತುಂಬಾ ಆಸೆ.

1936ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು, ಎರಡನೇ ಮಹಾಯುದ್ಧ ಮುಗಿದಾಗ ಇನ್ನೂ 9 ತುಂಬಿರಲಿಲ್ಲ. ಯುದ್ಧ ಆದಮೇಲೆ ಜರ್ಮನಿ ಪೂರ್ವ, ಪಶ್ಚಿಮ ಅಂತ ಎರಡು ದೇಶ ಆಯ್ತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಜರ್ಮನಿಯನ್ನ ಕರೀಲೇ ಇಲ್ಲ, 1952ರ ಹೆಲ್ಸಿಂಕಿಗೆ ಪೂರ್ವ ಜರ್ಮನಿಯವ್ರು ಯಾರೂ ಹೋಗ್ಲಿಲ್ಲ, ಆಮೇಲೆ 1956ರಲ್ಲಿ ಮೆಲ್ಬರ್ನ್‌ಗೆ ಎರಡೂ ಜರ್ಮನಿಯವ್ರು ಒಂದೇ ಟೀಮ್ ಆಗಿ ಹೋದ್ರು. ಆಗ 20 ವರ್ಷದ ಬೆಹ್ರೆಂಟ್ ಬ್ಯಾಂಟಮ್‌ವೇಟ್‌ನಲ್ಲಿ, ಅಂದ್ರೆ 54 ಕೆಜಿ ಒಳಗಿನವರ ವಿಭಾಗದಲ್ಲಿ, ಚಿನ್ನ ಗೆದ್ರು. ಪೂರ್ವ ಜರ್ಮನಿಯ ಕ್ರೀಡಾಪಟು ಒಬ್ಬರು ಗೆದ್ದ ಮೊದಲ ಒಲಿಂಪಿಕ್ ಚಿನ್ನ ಅದು. ತಲೆಗೆ ಹೆಡ್‌ಗಾರ್ಡ್ ಇಲ್ಲದ ಕಾಲ, 3 ನಿಮಿಷದ 3 ರೌಂಡ್ ಅಷ್ಟೇ, ನಾಕೌಟ್ ಆಗ್ಲಿಲ್ಲ ಅಂದ್ರೆ ಎಲ್ಲಾ ಜಡ್ಜ್‌ಗಳ ಕೈಲಿ. ಪೋಡಿಯಂ ಮೇಲೆ ನಿಂತಾಗ ಬಾರಿಸಿದ್ದು ಪೂರ್ವದ ರಾಷ್ಟ್ರಗೀತೆನೂ ಅಲ್ಲ ಪಶ್ಚಿಮದ್ದೂ ಅಲ್ಲ, ಬೀಥೋವನ್‌ನ ಒಂಬತ್ತನೇ ಸಿಂಫನಿಯ ಟ್ಯೂನು. ಯಾವ ಕಡೆಯವ್ರಿಗೂ ಬೇಜಾರಾಗಬಾರದು ಅಂತ ಒಪ್ಕೊಂಡಿದ್ದ ಏರ್ಪಾಡು ಅದು. ಐದೇ ವರ್ಷಕ್ಕೆ ಅವರ ಊರು ಬರ್ಲಿನ್‌ನ ಮಧ್ಯೆ ಪೂರ್ವ-ಪಶ್ಚಿಮ ಬೇರೆ ಮಾಡೋ ಗೋಡೆ ಎದ್ದಿತು ಅನ್ನೋದನ್ನ ನೆನೆಸಿದ್ರೆ ನಂಗೆ ಹೊಟ್ಟೆ ಕಿವುಚುತ್ತೆ.

ಗೆದ್ದಮೇಲೆ ಏನಾಯ್ತು ಅನ್ನೋದೇ ಮುಖ್ಯ. ಪೂರ್ವ ಜರ್ಮನಿಯಲ್ಲಿ ಪ್ರೊಫೆಷನಲ್ ಬಾಕ್ಸಿಂಗ್‌ಗೆ ಅವಕಾಶನೇ ಇರ್ಲಿಲ್ಲ, ಎಷ್ಟೇ ದೊಡ್ಡ ಬಾಕ್ಸರ್ ಆಗಿದ್ರೂ ಅಮೆಚೂರ್ (ದುಡ್ಡಿಗೆ ಆಡದವರು) ಆಗೇ ಇರ್ಬೇಕು, ಇದನ್ನ ತ್ಯಾಗ ಅಂತ ಹೊಗಳೋಕೆ ನಂಗೆ ಮನಸ್ಸಿಲ್ಲ, ಯಾಕಂದ್ರೆ ಆಯ್ಕೆನೇ ಇಲ್ಲದ ಕಡೆ ತ್ಯಾಗ ಎಲ್ಲಿಂದ ಬಂತು. (ಸಿಯೋಲ್‌ನಲ್ಲಿ 1988ರಲ್ಲಿ ಚಿನ್ನ ಗೆದ್ದ ಪೂರ್ವ ಜರ್ಮನಿಯ ಬಾಕ್ಸರ್ ಹೆನ್ರಿ ಮಾಸ್ಕೆ ಕೂಡ ಪ್ರೊಫೆಷನಲ್ ಆಗಿದ್ದು ಗೋಡೆ ಬಿದ್ದಮೇಲೇನೇ.) ಆದ್ರೆ ಬೆಹ್ರೆಂಟ್ ಗ್ಲೌಸ್ ಬಿಚ್ಚಿಟ್ಟು ಕ್ಯಾಮೆರಾ ಹಿಡಿದ್ರು. ಅಲ್ಲಿ ಆಳ್ತಿದ್ದ ಕಮ್ಯುನಿಸ್ಟ್ ಪಕ್ಷದ ದಿನಪತ್ರಿಕೆ ನೋಯೆಸ್ ಡಾಯ್ಚ್‌ಲಾಂಟ್‌ಗೆ ಫೋಟೋಗ್ರಾಫರ್ ಆದ್ರು, ಬೇರೆಯವ್ರ ಗೆಲುವು ಸೋಲು ಸೆರೆಹಿಡಿಯೋದೇ ಕೆಲಸ ಆಯ್ತು. ಇಂಥ ಮನುಷ್ಯನ ಕಥೆ ಪತ್ರಿಕೆಯವ್ರಿಗಿಂತ ಚೆನ್ನಾಗಿ ಯಾರು ಬರೀತಾರೆ ಹೇಳಿ.

ಬರೆಯೋವಾಗ ಫೈನಲ್‌ನಲ್ಲಿ ಸೋತ ದಕ್ಷಿಣ ಕೊರಿಯಾದ ಸಾಂಗ್ ಸೂನ್-ಚುನ್ ಅವರನ್ನೂ ಬಿಡಬೇಡಿ. ಅವರ ದೇಶಕ್ಕೆ ಅದು ಮೊದಲ ಒಲಿಂಪಿಕ್ ಬೆಳ್ಳಿ, ತೀರ್ಪು ಸರಿ ಇರ್ಲಿಲ್ಲ ಅನ್ನೋ ನೋವೂ ಅಲ್ಲಿಯವ್ರಿಗಿದೆ. ಎರಡೂ ಕಡೆ ಹೇಳಿದ್ರೇನೇ ಆ ಪುಟ ಪೂರ್ತಿ ಆಗೋದು.

ಇತಿ,
ನಿಮ್ಮ ದಿನದ ಓದುಗ