ವಿದೇಶದ ಮನೆ: ಕೊಳ್ಳೋ ಲೆಕ್ಕ ಹೇಳಿದ್ರಿ, ಮಾರೋ ಲೆಕ್ಕ?

ಮಾನ್ಯ ಸಂಪಾದಕರಿಗೆ,

ನಿಮ್ಮ ಭಾನುವಾರದ ಪುರವಣಿಲಿ ವಿದೇಶದಲ್ಲಿ ಮನೆ ಕೊಳ್ಳೋದರ ಬಗ್ಗೆ ಬಂದಿದ್ದ ಲೇಖನ ಓದಿದೆ. ಆರ್ಥಿಕ ಹಿಂಜರಿತದಲ್ಲಿ ಬೆಲೆ ಬಿದ್ದಿರತ್ತೆ, ಮಾರೋರು ಕಂಗಾಲಾಗಿರ್ತಾರೆ, ಕೈಯಲ್ಲಿ ದುಡ್ಡಿರೋರಿಗೆ ಇದೇ ಸುಗ್ಗಿ ಅಂತ ಅದರ ಸಾರ. ಪೂರ್ತಿ ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ಇಡೀ ಒಂದು ಪುಟ ಕೊಳ್ಳೋದರ ಬಗ್ಗೆನೇ ಇದೆ, ಯಾವ ದೇಶ, ಎಷ್ಟು ಡಿಸ್ಕೌಂಟು, ಬಾಡಿಗೆ ಎಷ್ಟು ಬರತ್ತೆ ಎಲ್ಲಾ ಇದೆ, ಮಾರೋದು ಹೇಗೆ ಅಂತ ಹುಡುಕಿದ್ರೆ ಒಂದು ಸಾಲೂ ಸಿಗಲ್ಲ. ಹಿಂಜರಿತದಲ್ಲಿ ಆ ಮನೆ ಅಷ್ಟು ಕಡಿಮೆಗೆ ಸಿಗ್ತಿರೋದೇ ಅದನ್ನ ವಾಪಸ್ ಮಾರೋದು ಕಷ್ಟ ಅನ್ನೋ ಕಾರಣಕ್ಕೆ ತಾನೇ, ಅದನ್ನೇ ಬಿಟ್ಟುಬಿಟ್ರೆ ಇನ್ನೇನು ಹೇಳಿದಂಗಾಯ್ತು?

ಮೊದಲು "ಬೆಲೆ ಬಿದ್ದಿದೆ" ಅನ್ನೋ ಮಾತು ತಗೊಳ್ಳಿ. ಐರ್ಲೆಂಡಲ್ಲಿ ಮನೆ ಬೆಲೆ 2007ರಲ್ಲಿ ತುದಿ ಮುಟ್ಟಿ ಅಲ್ಲಿಂದ ಇಳಿಯೋಕೆ ಶುರುವಾಯ್ತು, 2013ರ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಹೋಗಿತ್ತು, ಮತ್ತೆ 2007ರ ಮಟ್ಟ ಮುಟ್ಟಿದ್ದು 2022ರಲ್ಲಿ. ಮಧ್ಯದಲ್ಲೆಲ್ಲೋ 25 ಪರ್ಸೆಂಟ್ ಬಿದ್ದಾಗ "ಆಹಾ ಇದೇ ತಳ" ಅಂದ್ಕೊಂಡು ತಗೊಂಡವನು ಅದಾದ್ಮೇಲೆ ಇನ್ನೂ ಎಷ್ಟು ಇಳೀತು ಅಂತ ಕೂತು ನೋಡ್ಬೇಕಾಯ್ತು. ಅಮೆರಿಕದಲ್ಲೂ 2006ರಿಂದ 2012ರವರೆಗೆ ಸರಾಸರಿ ಬೆಲೆ ಕಾಲು ಭಾಗಕ್ಕಿಂತ ಜಾಸ್ತಿ ಇಳೀತು, ಅದೂ ಒಂದೇ ಸಲ ಅಲ್ಲ, ಆರು ವರ್ಷ ತಗೊಂಡು. ಜಪಾನಿನ ಕಥೆ ಕೇಳಲೇಬೇಡಿ, 1991ರ ಸುಮಾರಿಗೆ ಶುರುವಾದ ಜಾಗದ ಬೆಲೆ ಇಳಿತ ಒಂದು ದಶಕ ದಾಟಿದ್ರೂ ನಿಲ್ಲಲಿಲ್ಲ. ಷೇರಿನ ಥರ ಮನೆ ಬೆಲೆ ಒಂದೇ ದಿನ ಕುಸಿಯಲ್ಲ, ನಿಧಾನಕ್ಕೆ ಇಳಿಯತ್ತೆ, ಯಾಕಂದ್ರೆ ಮಾರೋರು ಹಳೇ ರೇಟನ್ನೇ ಹಿಡ್ಕೊಂಡು ಕೂತಿರ್ತಾರೆ, ಕೊಳ್ಳೋರು ಬರಲ್ಲ, ವ್ಯವಹಾರನೇ ನಿಂತೋಗತ್ತೆ. ಅಂಥಾ ಟೈಮಲ್ಲಿ ಏಜೆಂಟ್ ತೋರಿಸೋ ರೇಟು ಅವನು ಕೇಳ್ತಿರೋ ರೇಟು ಅಷ್ಟೇ, ಆ ರೇಟಿಗೆ ಅಕ್ಕಪಕ್ಕದಲ್ಲಿ ಒಂದಾದ್ರೂ ಮನೆ ನಿಜವಾಗ್ಲೂ ಮಾರಾಟ ಆಗಿದ್ಯಾ ಅಂತ ನೋಡೋರು ಕಡಿಮೆ. ಎಷ್ಟೋ ದೇಶಗಳಲ್ಲಿ ನೋಂದಣಿಯಾದ ಬೆಲೆ ಸರ್ಕಾರಿ ವೆಬ್‌ಸೈಟಲ್ಲೇ ಸಿಗತ್ತೆ, ಇಂಗ್ಲೆಂಡಲ್ಲಂತೂ ಪುಕ್ಕಟೆ. ಅದನ್ನ ನೋಡಿ ಅಂತ ಲೇಖನದಲ್ಲಿ ಬರೆದಿದ್ರೆ ಅರ್ಧ ಪುಟದ ಕೆಲಸ ಆಗಿರೋದು.

ಎರಡನೇದು ಕರೆನ್ಸಿ. ವಿದೇಶದಲ್ಲಿ ಮನೆ ತಗೊಂಡ್ರೆ ಮನೆ ಜೊತೆಗೆ ಆ ದೇಶದ ದುಡ್ಡನ್ನೂ ತಗೊಂಡಂಗೆ. ಸುಮ್ನೆ ಒಂದು ಲೆಕ್ಕ ಹಾಕಿ: ನಿಮ್ಮ ದುಡ್ಡಲ್ಲಿ 100 ಹಾಕಿ ಮನೆ ತಗೊಂಡ್ರಿ, ಅಲ್ಲಿ ಮನೆ ಬೆಲೆ 30 ಪರ್ಸೆಂಟ್ ಏರ್ತು, ಅಷ್ಟರಲ್ಲಿ ಆ ಕರೆನ್ಸಿ ನಿಮ್ಮ ಕರೆನ್ಸಿ ಎದುರು 25 ಪರ್ಸೆಂಟ್ ಇಳೀತು. 130ರ ಮುಕ್ಕಾಲು ಅಂದ್ರೆ 97.5. ಮನೆ ಏರಿದ್ರೂ ನಿಮಗೆ ನಷ್ಟ, ಮಾರೋ ಖರ್ಚು, ಟ್ಯಾಕ್ಸು ಇನ್ನೂ ಕಳೆದಿಲ್ಲ. ಹಿಂಜರಿತದಲ್ಲಿ ಕರೆನ್ಸಿ ಅಲುಗಾಡೋದೂ ಜಾಸ್ತಿ. ಇದು ಉಲ್ಟಾನೂ ಆಗತ್ತೆ, ಅದನ್ನೂ ಹೇಳ್ಬೇಕು, ಇಲ್ಲಾಂದ್ರೆ ನಾನೂ ಒಂದೇ ಕಡೆ ವಾದ ಮಾಡಿದಂಗಾಗತ್ತೆ: 2007ರ ಕೊನೇಲಿ ಒಂದು ಪೌಂಡಿಗೆ ಹತ್ರ ಹತ್ರ 2 ಡಾಲರ್ ಇತ್ತು, 2009ರ ಶುರುವಲ್ಲಿ 1.40ರ ಆಸುಪಾಸಿಗೆ ಬಂತು, ಅದೇ ಹೊತ್ತಲ್ಲಿ ಬ್ರಿಟನ್ನಿನ ಮನೆ ಬೆಲೆ 15ರಿಂದ 20 ಪರ್ಸೆಂಟ್ ಬಿದ್ದಿತ್ತು, ಅಂದ್ರೆ ಡಾಲರ್ ಇಟ್ಕೊಂಡಿದ್ದೋರಿಗೆ ಸುಮಾರು 40 ಪರ್ಸೆಂಟ್ ಕಡಿಮೆಗೆ ಸಿಕ್ತು. ಆಗ ತಗೊಂಡೋರು ಜಾಣರೇ. ಆದ್ರೆ ಅವರು ಲಾಭ ಮಾಡಿದ್ರಲ್ಲಿ ಮನೆದೆಷ್ಟು ಪೌಂಡಿಂದೆಷ್ಟು ಅಂತ ಬಿಡಿಸಿ ನೋಡಿದ್ರೆ, ಕೊಂಡಾಗಿನ ಡಿಸ್ಕೌಂಟಿನ ದೊಡ್ಡ ಪಾಲು ಪೌಂಡಿಂದೇ.

ಇದಕ್ಕಿಂತ ಭಯ ಹುಟ್ಟಿಸೋದು ಬೇರೆ ಕರೆನ್ಸಿಲಿ ಸಾಲ ಮಾಡಿ ಮನೆ ತಗೊಳ್ಳೋದು. ನಿಮ್ಮ ಲೇಖನ "ಕೆಲವು ದೇಶಗಳಲ್ಲಿ ಬಡ್ಡಿ ತುಂಬಾ ಕಡಿಮೆ, ಅಲ್ಲೇ ಸಾಲ ತಗೋಬಹುದು" ಅಂತ ಎಷ್ಟು ಸಲೀಸಾಗಿ ಹೇಳಿಬಿಡ್ತು. ಹಂಗೇರಿ, ಪೋಲೆಂಡಿನ ಜನ ಇದನ್ನೇ ಮಾಡಿದ್ರು, ಅದೂ ತಮ್ಮ ದೇಶದ ಮನೆಗೇ. ತಮ್ಮ ಕರೆನ್ಸಿಲಿ ಬಡ್ಡಿ ಜಾಸ್ತಿ ಅಂತ 2008ಕ್ಕೆ ಮುಂಚೆ ಲಕ್ಷಾಂತರ ಜನ ಸ್ವಿಸ್ ಫ್ರಾಂಕಲ್ಲಿ ಹೋಮ್ ಲೋನ್ ತಗೊಂಡಿದ್ರು. ಹಿಂಜರಿತ ಬಂತು, ಎಲ್ಲರೂ ಸೇಫ್ ಅಂತ ಫ್ರಾಂಕಿನ ಕಡೆ ಓಡಿದ್ರು, 160 ಫೋರಿಂಟ್ (ಹಂಗೇರಿಯ ದುಡ್ಡು) ಆಸುಪಾಸು ಇದ್ದ ಫ್ರಾಂಕು 2011ರಲ್ಲಿ 240 ದಾಟ್ತು. ಕಂತು ಕಟ್ತಾ ಹೋದ್ರೂ ಬಾಕಿ ಮಾತ್ರ ತೆಗೆದುಕೊಂಡಿದ್ದಕ್ಕಿಂತ ಜಾಸ್ತಿ. ಆಮೇಲೆ 2015ರ ಜನವರಿ 15ಕ್ಕೆ ಸ್ವಿಸ್ ನ್ಯಾಷನಲ್ ಬ್ಯಾಂಕು (ಅಲ್ಲಿಯ ರಿಸರ್ವ್ ಬ್ಯಾಂಕು ಇದ್ದಂಗೆ) ಫ್ರಾಂಕು ಯೂರೋಗೆ 1.20ಕ್ಕಿಂತ ದುಬಾರಿ ಆಗ್ಬಾರ್ದು ಅಂತ ಇಟ್ಟಿದ್ದ ಮಿತಿನ ಏಕಾಏಕಿ ಕೈಬಿಡ್ತು, ಫ್ರಾಂಕು ಕೆಲವೇ ನಿಮಿಷದಲ್ಲಿ ಜಿಗೀತು. ಹಂಗೇರಿ ಸರ್ಕಾರ ಅಷ್ಟೊತ್ತಿಗೆ ಸಾಲಗಳನ್ನ ಫೋರಿಂಟಿಗೆ ಬದಲಾಯಿಸೋ ತೀರ್ಮಾನ ಮಾಡಿತ್ತು, ಬಚಾವಾದ್ರು, ಪೋಲೆಂಡಿನೋರು ವರ್ಷಾನುಗಟ್ಟಲೆ ಕೋರ್ಟು ಹತ್ತಿದ್ರು. ಹಂಗೇರಿಯ ಪ್ರಜೆಗಳಿಗಾದ್ರೆ ಓಟು ಇತ್ತು, ಸರ್ಕಾರ ಕೇಳಿಸ್ಕೊಳ್ತು. ಹೊರಗಿಂದ ಬಂದು ಮನೆ ತಗೊಂಡವನ ಪರವಾಗಿ ಯಾವ ಸರ್ಕಾರ ನಿಲ್ಲತ್ತೆ ಹೇಳಿ?

ಇನ್ನೊಂದು ಮಾತು, ದುಡ್ಡು ವಾಪಸ್ ತರೋಕೇ ಬಿಡದೇ ಇರ್ಬಹುದು. ಐಸ್‌ಲ್ಯಾಂಡಲ್ಲಿ 2008ರಲ್ಲಿ ಬ್ಯಾಂಕುಗಳು ಮುಳುಗಿದ ಮೇಲೆ ದುಡ್ಡು ಹೊರಗೆ ಹೋಗದ ಹಾಗೆ ಹಾಕಿದ ನಿರ್ಬಂಧ ಬಹುಪಾಲು ಹೋಗಿದ್ದೇ 2017ರಲ್ಲಿ.

ಈಗ ಕಾನೂನು, ನನ್ನ ಪ್ರಕಾರ ನಿಮ್ಮ ಲೇಖನದ ದೊಡ್ಡ ತೂತು ಇರೋದು ಇಲ್ಲೇ. ಮಾರ್ಕೆಟ್ ಬಿದ್ದಾಗ ಸರ್ಕಾರಗಳು ಹೊರಗಿನೋರಿಗೆ ಕೆಂಪು ಹಾಸು ಹಾಸ್ತಾರೆ. ಯೂರೋಪಿನ ಸಾಲದ ಬಿಕ್ಕಟ್ಟಲ್ಲಿ 2012ರಲ್ಲಿ ಪೋರ್ಚುಗಲ್, 2013ರಲ್ಲಿ ಸ್ಪೇನ್, ಗ್ರೀಸು, ಎಲ್ಲವೂ ಮನೆ ತಗೊಂಡ್ರೆ ವಾಸದ ಪರವಾನಗಿ ಕೊಡ್ತೀವಿ ಅಂದ್ವು, ಗೋಲ್ಡನ್ ವೀಸಾ ಅಂತಾರಲ್ಲ ಅದು. ಸ್ಪೇನಲ್ಲಿ 5 ಲಕ್ಷ ಯೂರೋ, ಗ್ರೀಸಲ್ಲಿ ಎರಡೂವರೆ ಲಕ್ಷ. ಮಾರ್ಕೆಟ್ ಚೇತರಿಸ್ಕೊಳ್ತು, ಬಾಡಿಗೆ ಏರ್ತು, ಅಲ್ಲಿಯ ಜನಕ್ಕೇ ಮನೆ ಸಿಗ್ತಿಲ್ಲ ಅಂತ ಗಲಾಟೆ ಶುರುವಾಯ್ತು, ಆವಾಗ ಬಾಗಿಲು ಹಾಕಿದ್ರು. ಪೋರ್ಚುಗಲ್ 2023ರಲ್ಲಿ ಮನೆ ಖರೀದಿಯ ದಾರಿ ಮುಚ್ತು, ಸ್ಪೇನ್ 2025ರ ಏಪ್ರಿಲಲ್ಲಿ ಯೋಜನೆನೇ ನಿಲ್ಲಿಸ್ತು, ಗ್ರೀಸಲ್ಲಿ ಅಥೆನ್ಸ್ ಇರೋ ಅಟಿಕಾದಂಥ ಕಡೆ ಮೊತ್ತ 8 ಲಕ್ಷಕ್ಕೆ ಹೋಯ್ತು. ನ್ಯೂಜಿಲೆಂಡ್ 2018ರಲ್ಲೇ ಹೆಚ್ಚಿನ ವಿದೇಶೀಯರಿಗೆ ಹಳೇ ಮನೆ ಕೊಳ್ಳೋದನ್ನ ನಿಲ್ಲಿಸಿತ್ತು. ಕೆನಡಾ 2023ರಿಂದ, ಆಸ್ಟ್ರೇಲಿಯಾ 2025ರ ಏಪ್ರಿಲಿಂದ ನಿಷೇಧ ತಂದ್ವು. ಸಿಂಗಾಪುರ 2023ರ ಏಪ್ರಿಲಲ್ಲಿ ವಿದೇಶೀಯರಿಗೆ ಹಾಕೋ ಹೆಚ್ಚುವರಿ ಸ್ಟಾಂಪ್ ಡ್ಯೂಟಿನ 30ರಿಂದ 60 ಪರ್ಸೆಂಟಿಗೆ ಏರಿಸ್ತು, ಹೌದು ಅರವತ್ತೇ, ಪ್ರಿಂಟ್ ಮಿಸ್ಟೇಕ್ ಅಲ್ಲ.

ಇದರಲ್ಲಿರೋ ಗಂಟು ನೋಡಿ. ಮಾರ್ಕೆಟ್ ಬಿದ್ದಾಗ ನೀವು ಒಳಗೆ ಹೋಗ್ತೀರ, ಏರಿದಾಗ ಮಾರೋಣ ಅಂತೀರ. ಏರಿದಾಗಲೇ ಸರ್ಕಾರ ಹೊರಗಿನೋರಿಗೆ ಬೇಡ ಅನ್ನೋದು. ನಿಮ್ಮಿಂದ ಕೊಳ್ಳೋಕೆ ಬರ್ಬೇಕಾಗಿದ್ದವನು ಇನ್ನೊಬ್ಬ ವಿದೇಶೀಯನೇ ಆಗಿದ್ರೆ (ಸಮುದ್ರ ತೀರದ ದುಬಾರಿ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಹಾಗೇ ಇರತ್ತೆ, ಅಲ್ಲಿಯ ಜನ ಆ ರೇಟಿಗೆ ತಗೊಳ್ಳಲ್ಲ) ಅವನು ಗಡಿ ಆಚೆನೇ ನಿಂತಿರ್ತಾನೆ. ಮಲೇಷ್ಯಾದ ಜೊಹೊರ್‌ನಲ್ಲಿ ಸಮುದ್ರ ತುಂಬಿಸಿ ಕಟ್ಟಿದ ಫಾರೆಸ್ಟ್ ಸಿಟಿಗೆ ಎರಡೂ ಕಡೆಯಿಂದ ಹೊಡೆತ ಬಿತ್ತು: 7 ಲಕ್ಷ ಜನಕ್ಕೆ ಅಂತ ಯೋಜನೆ, ಕೊಳ್ಳೋರು ಹೆಚ್ಚಾಗಿ ಚೀನಾದೋರು, 2017ರಲ್ಲಿ ಚೀನಾ ತನ್ನ ಜನ ಹೊರಗೆ ಮನೆ ಕೊಳ್ಳೋಕೆ ದುಡ್ಡು ಕಳಿಸೋದನ್ನ ಬಿಗಿ ಮಾಡ್ತು, 2018ರಲ್ಲಿ ಮಲೇಷ್ಯಾದ ಪ್ರಧಾನಿ ಮಹಾತಿರ್ ವಿದೇಶೀಯರಿಗೆ ಮಾರೋಕೆ ಬಿಡಲ್ಲ ಅಂದ್ರು, ಅದನ್ನ ಕಟ್ಟಿದ ಚೀನಾದ ಕಂಟ್ರಿ ಗಾರ್ಡನ್ ಕಂಪನಿನೇ 2023ರಲ್ಲಿ ಸಾಲ ತೀರಿಸೋಕಾಗದೆ ಕೈ ಚೆಲ್ತು. ಟವರುಗಳು ಈಗ್ಲೂ ಬಹುಪಾಲು ಖಾಲಿ.

ಕಟ್ಟೋ ಮುಂಚೆನೇ ಬುಕ್ ಮಾಡೋ ಸ್ಕೀಮುಗಳ ಬಗ್ಗೆನೂ ಲೇಖನ ಭಾರೀ ಉತ್ಸಾಹ ತೋರ್ಸಿದೆ. ಹಿಂಜರಿತದಲ್ಲಿ ಮೊದಲು ಮುಳುಗೋದೇ ಬಿಲ್ಡರು. ದುಬೈಲಿ 2008ರ ತನಕ ಬುಕಿಂಗ್ ಕಾಗದನೇ ಕೈಯಿಂದ ಕೈಗೆ ಮಾರಾಟ ಆಗ್ತಿತ್ತು, 2009ರ ನವೆಂಬರಲ್ಲಿ ದುಬೈ ವರ್ಲ್ಡ್ ಅನ್ನೋ ಅಲ್ಲಿಯ ಸರ್ಕಾರಿ ಕಂಪನಿ ಸಾಲ ಕಟ್ಟೋಕೆ ಟೈಮ್ ಕೊಡಿ ಅಂದಾಗ ಜಗತ್ತಿನ ಮಾರ್ಕೆಟ್ಟೆಲ್ಲಾ ಬೆಚ್ಚಿ ಬಿತ್ತು, ಎಷ್ಟೋ ಪ್ರಾಜೆಕ್ಟು ರದ್ದಾದ್ವು. ಸ್ಪೇನಲ್ಲಂತೂ ಬುಕಿಂಗ್ ದುಡ್ಡಿಗೆ ಬ್ಯಾಂಕ್ ಗ್ಯಾರಂಟಿ ಇರಲೇಬೇಕು ಅಂತ 1968ರ ಕಾನೂನೇ ಇತ್ತು, ಎಷ್ಟೋ ಬಿಲ್ಡರುಗಳು ಕೊಡ್ಲಿಲ್ಲ, ಕೊಳ್ಳೋರಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರ್ಲಿಲ್ಲ. ದುಡ್ಡು ಜಮಾ ಮಾಡ್ಕೊಂಡ ಬ್ಯಾಂಕೂ ಹೊಣೆ ಅಂತ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿದ್ದು 2015ರ ಡಿಸೆಂಬರಲ್ಲಿ. ಕಾಯೋ ತಾಳ್ಮೆ ಇದ್ದೋರಿಗೆ ಬಂತು, ಉಳಿದೋರು ಅಷ್ಟರಲ್ಲಿ ಬಿಟ್ಟಾಕಿದ್ರು. ಬಿಲ್ಡರುಗಳು ಕೊಡೋ "ಎರಡು ವರ್ಷ ಗ್ಯಾರಂಟಿ ಬಾಡಿಗೆ" ಅನ್ನೋ ಮಾತಿನ ಬಗ್ಗೆ ಒಂದೇ ಮಾತು: ಆ ಬಾಡಿಗೆನ ಹೆಚ್ಚಾಗಿ ಮನೆ ಬೆಲೆಗೆ ಮೊದಲೇ ಸೇರಿಸಿರ್ತಾರೆ, ನಿಮ್ಮ ದುಡ್ಡನ್ನೇ ನಿಮಗೆ ಕಂತಲ್ಲಿ ಕೊಡ್ತಾರೆ.

ಕೊನೆಗೆ ಟ್ಯಾಕ್ಸು. ಅಮೆರಿಕದಲ್ಲಿ ವಿದೇಶೀಯ ಮನೆ ಮಾರಿದ್ರೆ ಸಾಮಾನ್ಯವಾಗಿ ಮಾರಿದ ಪೂರ್ತಿ ಬೆಲೆಯ 15 ಪರ್ಸೆಂಟನ್ನ ಕೊಳ್ಳೋನು ಹಿಡಿದಿಟ್ಟು ಸರ್ಕಾರಕ್ಕೆ ಕಟ್ಬೇಕು, ಲಾಭದ ಮೇಲಲ್ಲ, ಬೆಲೆ ಮೇಲೆ. ನಷ್ಟಕ್ಕೆ ಮಾರಿದ್ರೂ ಹಿಡೀತಾರೆ, ಆಮೇಲೆ ರಿಟರ್ನ್ ಹಾಕಿ ವಾಪಸ್ ಕೇಳ್ಬೇಕು. ಅದಕ್ಕಿಂತ ಗಂಭೀರವಾದ್ದು ಮಾಲೀಕ ತೀರ್ಕೊಂಡ್ರೆ ಬರೋ ಎಸ್ಟೇಟ್ ಟ್ಯಾಕ್ಸು: ಅಲ್ಲಿಯ ಪ್ರಜೆಗಳಿಗೆ ಕೋಟ್ಯಂತರ ಡಾಲರಿನ ವಿನಾಯಿತಿ, ಹೊರಗಿನೋರಿಗೆ ಬರೀ 60,000 ಡಾಲರ್, ಅದರ ಮೇಲೆ 40 ಪರ್ಸೆಂಟ್ ತನಕ ಹೋಗತ್ತೆ, ಎರಡು ದೇಶದ ಮಧ್ಯೆ ಒಪ್ಪಂದ ಇದ್ರೆ ಮಾತ್ರ ಸ್ವಲ್ಪ ಬೇರೆ. ಮಕ್ಕಳಿಗೆ ಆಸ್ತಿ ಮಾಡಿಡ್ತೀನಿ ಅಂತ ತಗೊಳ್ಳೋರು ಈ ಒಂದು ಸಂಖ್ಯೆ ನೋಡಿದ್ರೆ ಯೋಚನೆ ಮಾಡ್ತಾರೆ. ಸ್ಪೇನಲ್ಲಿ ಮಾರೋವಾಗ 3 ಪರ್ಸೆಂಟ್ ಹಿಡೀತಾರೆ, ಮನೆ ಖಾಲಿ ಇದ್ರೂ ಕಾಲ್ಪನಿಕ ಆದಾಯ ಅಂತ ವರ್ಷಾವರ್ಷ ಟ್ಯಾಕ್ಸು ಬೇರೆ.

ಹಾಗಂತ ಯಾರೂ ತಗೋಬಾರ್ದು ಅಂತ ನನ್ನ ವಾದ ಅಲ್ಲ. ಸಾಲ ಇಲ್ದೆ, ಹತ್ತು ವರ್ಷ ಮುಟ್ಟದೇ ಇದ್ರೂ ನಡೆಯೋ ದುಡ್ಡಲ್ಲಿ, ಕಟ್ಟಿ ಮುಗಿದಿರೋ ಮನೆನ, ಅಲ್ಲಿಯ ಜನವೇ ಕೊಳ್ಳೋ ಏರಿಯಾದಲ್ಲಿ ತಗೊಂಡ್ರೆ, ಅದೂ ಬಿಲ್ಡರು ತೋರಿಸಿದ ಲಾಯರ್ ಬಿಟ್ಟು ತಾವೇ ಹುಡುಕಿದ ಲಾಯರ್ ಇಟ್ಕೊಂಡು ತಗೊಂಡ್ರೆ, ಹಿಂಜರಿತ ನಿಜವಾಗ್ಲೂ ಒಳ್ಳೇ ಟೈಮೇ. ಅಷ್ಟು ದುಡ್ಡು ಅಷ್ಟು ದಿನ ಕಟ್ಟಿಡೋ ತಾಕತ್ತು ಎಷ್ಟು ಜನಕ್ಕಿದೆ ಅನ್ನೋದು ಬೇರೆ ಮಾತು. ಹಿಂಜರಿತದಲ್ಲಿ ನಮ್ಮ ಕೆಲಸ, ಬಿಸಿನೆಸ್ಸೂ ಅಲುಗಾಡ್ತಿರತ್ತೆ, ದುಡ್ಡು ಅರ್ಜೆಂಟ್ ಬೇಕಾಗೋದೂ ಆವಾಗಲೇ.

ಆದ್ದರಿಂದ ನಿಮ್ಮಲ್ಲಿ ಎರಡು ವಿನಂತಿ. ಇದೇ ಪುರವಣಿಲಿ ಮಾರೋದರ ಬಗ್ಗೆ ಒಂದು ಲೇಖನ ಹಾಕಿ, ವಿದೇಶದಲ್ಲಿ ಮನೆ ಇಟ್ಕೊಂಡು ಮಾರಿರೋರನ್ನ ಮಾತಾಡ್ಸಿ, ಕೈಗೆ ಬಂದಿದ್ದೆಷ್ಟು ಅಂತ ಕೇಳಿ. ಇನ್ನೊಂದು, ಆ ಲೇಖನದ ಕೆಳಗೇ ವಿದೇಶಿ ಪ್ರಾಪರ್ಟಿ ಮೇಳದ ಅರ್ಧ ಪುಟದ ಜಾಹೀರಾತು ಇತ್ತು. ಎರಡಕ್ಕೂ ಸಂಬಂಧ ಇದ್ರೆ ಲೇಖನದ ಮೇಲೆ "ಪ್ರಾಯೋಜಿತ" ಅಂತ ಹಾಕಿ, ಇಲ್ಲ ಅಂದ್ರೆ ಇಲ್ಲ ಅಂತ ಒಂದು ಸಾಲು ಬರೀರಿ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ