ರೆಡಿಮೇಡ್ ಇಎಫ್‌ಐ ಫೋಲ್ಡರ್ ಹಾಕಿಕೊಳ್ಳಿ ಅಂತ ದಯವಿಟ್ಟು ಹೇಳಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಕಂಪ್ಯೂಟರ್ ಪ್ರಶ್ನೋತ್ತರ ಅಂಕಣದಲ್ಲಿ ಓದುಗರೊಬ್ಬರು ಕೇಳಿದ್ದರು, ಬಿಡಿಭಾಗ ತಂದು ನಾನೇ ಜೋಡಿಸಿಕೊಂಡ ಪಿಸಿಯಲ್ಲಿ ಮ್ಯಾಕ್‌ಓಎಸ್ ಓಡಿಸಬಹುದಾ ಅಂತ. ಉತ್ತರ ಎರಡೇ ಸಾಲು. ಓಡಿಸಬಹುದು, ನಿಮ್ಮ ಮದರ್‌ಬೋರ್ಡ್ ಹೆಸರು ಹಾಕಿ ಹುಡುಕಿದರೆ ರೆಡಿಮೇಡ್ ಇಎಫ್‌ಐ ಫೋಲ್ಡರ್ (ಮ್ಯಾಕ್‌ಓಎಸ್ ಬೂಟ್ ಮಾಡಿಸುವ ಫೈಲುಗಳ ಫೋಲ್ಡರ್) ಸಿಗುತ್ತದೆ, ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಆಯಿತು ಅಂತ. ಮೊದಲ ಮಾತು ಸರಿ. ಎರಡನೆಯದನ್ನು ಓದಿ ಸುಮ್ನಿರಲು ಆಗಲಿಲ್ಲ. ಹ್ಯಾಕಿಂಟೋಷ್, ಅಂದರೆ ಮ್ಯಾಕ್‌ಓಎಸ್ ಓಡುವ ಸಾಮಾನ್ಯ ಪಿಸಿ, ಮಾಡಲು ಹೋಗಿ ತಲೆ ಕೆಡಿಸಿಕೊಂಡು ಅರ್ಧಕ್ಕೇ ಬಿಟ್ಟವರನ್ನು ಕೇಳಿ ನೋಡಿ, ಜಾಸ್ತಿ ಜನ ಶುರು ಮಾಡಿದ್ದೇ ಇಂಥ ಬೇರೆಯವರ ಫೋಲ್ಡರ್‌ನಿಂದ.

ಕಾನೂನಿನ ಮಾತು ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ನಿಮ್ಮ ಉತ್ತರದಲ್ಲಿ ಅದು ಇರಲೇ ಇಲ್ಲ. ಆಪಲ್ ಹೆಸರಿರುವ ಕಂಪ್ಯೂಟರಿನಲ್ಲಿ ಮಾತ್ರ ಮ್ಯಾಕ್‌ಓಎಸ್ ಹಾಕಬೇಕು ಅಂತ ಅದರ ಲೈಸೆನ್ಸಿನಲ್ಲೇ ಬರೆದಿದೆ. ಸೈಸ್ಟಾರ್ ಅನ್ನುವ ಅಮೆರಿಕದ ಕಂಪನಿ 2008ರಲ್ಲಿ ಇಂಥ ಪಿಸಿಗಳನ್ನು ಮಾಡಿ ಮಾರಲು ಶುರು ಮಾಡಿತು, ಅದೇ ವರ್ಷ ಆಪಲ್ ಕೇಸು ಹಾಕಿತು, 2009ರ ಕೊನೆಗೆ ಕೋರ್ಟು ಮಾರಾಟಕ್ಕೆ ತಡೆ ಹಾಕಿತು. ಹಾಗಾಗಿ ಇದನ್ನು ಮಾಡಿ ಮಾರುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡುವುದು ಒಳ್ಳೆಯದು. ಮನೆಯಲ್ಲಿ ಕಲಿಯಲು ಮಾಡುವವರೂ ಲೈಸೆನ್ಸ್ ಹೀಗಿದೆ ಅಂತ ಗೊತ್ತಿದ್ದೇ ಮಾಡಬೇಕು, ಆಫೀಸಿನ ಕೆಲಸ ಇದರ ಮೇಲೆ ನಿಲ್ಲಿಸಬಾರದು.

ಈಗ ಫೋಲ್ಡರಿನ ವಿಷಯ.

ನಿಜವಾದ ಇಂಟೆಲ್ ಮ್ಯಾಕ್‌ನಲ್ಲಿ ಫರ್ಮ್‌ವೇರ್ ಆಪಲ್‌ದೇ, ವಿದ್ಯುತ್, ಫ್ಯಾನ್ ನೋಡಿಕೊಳ್ಳುವ ಎಸ್‌ಎಂಸಿ ಚಿಪ್ ಆಪಲ್‌ದೇ, ಯಾವ ಸಾಧನ ಎಲ್ಲಿದೆ ಅಂತ ಹೇಳುವ ಎಸಿಪಿಐ ಪಟ್ಟಿಗಳೂ ಅವರದೇ. ನಮ್ಮ ಪಿಸಿಯಲ್ಲಿ ಇದ್ಯಾವುದೂ ಇಲ್ಲ. ಓಪನ್‌ಕೋರ್ ಅನ್ನುವ ಬೂಟ್‌ಲೋಡರ್ ಮ್ಯಾಕ್‌ಓಎಸ್‌ಗಿಂತ ಮುಂಚೆ ಎದ್ದು, ಇಲ್ಲದ್ದನ್ನೆಲ್ಲ ಇದೆ ಅಂತ ತೋರಿಸುತ್ತದೆ. ಎಸ್‌ಎಂಸಿ ಇದೆ ಅಂತ ನಂಬಿಸುವುದು ವರ್ಚುವಲ್‌ಎಸ್‌ಎಂಸಿ ಅನ್ನುವ ಕೆಕ್ಸ್ಟ್ (ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಸೇರಿಕೊಳ್ಳುವ ಡ್ರೈವರ್‌ನಂಥ ಫೈಲ್), ಗ್ರಾಫಿಕ್ಸ್ ನೋಡಿಕೊಳ್ಳುವುದು ವಾಟೆವರ್‌ಗ್ರೀನ್, ಸೌಂಡಿಗೆ ಆಪಲ್‌ಎಎಲ್‌ಸಿ, ಇವಕ್ಕೆಲ್ಲ ತಳದಲ್ಲಿ ಲಿಲು. ಲಿಲು ಪಟ್ಟಿಯಲ್ಲಿ ಮೊದಲು ಇರಬೇಕು, ಇಲ್ಲದಿದ್ದರೆ ಅದನ್ನು ನಂಬಿಕೊಂಡ ಉಳಿದವು ಲೋಡ್ ಆಗುವುದಿಲ್ಲ. ಇವನ್ನೆಲ್ಲ ಹೇಗೆ ನಡೆಸಬೇಕು ಅಂತ ಹೇಳುವುದು ಒಂದು ಕಾನ್ಫಿಗ್ ಫೈಲ್. ಇಷ್ಟೂ ಸೇರಿ ಇಎಫ್‌ಐ ಫೋಲ್ಡರ್. ಅದು ಒಂದು ನಿರ್ದಿಷ್ಟ ಯಂತ್ರದ ಅಳತೆಗೆ ಹೊಲಿದ ಅಂಗಿ, ಇನ್ನೊಬ್ಬರಿಗೆ ಕೂರುವುದು ಅದೃಷ್ಟ.

ಮದರ್‌ಬೋರ್ಡ್ ಒಂದೇ ಆದರೆ ಸಾಕಲ್ವಾ ಅಂತ ಕೇಳಬಹುದು. ಸಾಲದು. ಅದೇ ಬೋರ್ಡ್, ಅದೇ ಪ್ರೊಸೆಸರ್, ಆದರೆ ಫೋಲ್ಡರ್ ಹಂಚಿದವರ ಬಯಾಸ್ ಆವೃತ್ತಿ ಬೇರೆ. ನಿಮ್ಮದರಲ್ಲಿ ಸಿಎಫ್‌ಜಿ ಲಾಕ್ (ಪ್ರೊಸೆಸರಿನ ಕೆಲವು ಸೆಟ್ಟಿಂಗ್ ಬದಲಿಸಲು ಬಿಡದ ಬಯಾಸ್ ಬೀಗ) ಹಾಕಿದೆ, ಅವರದರಲ್ಲಿ ತೆಗೆದಿದೆ. ಅದಕ್ಕೆ ಬೇಕಾದ ಕ್ವಿರ್ಕ್, ಅಂದರೆ ಅಡ್ಡಿ ದಾಟಿಸುವ ಓಪನ್‌ಕೋರ್ ಸೆಟ್ಟಿಂಗ್, ಅವರ ಕಾನ್ಫಿಗ್‌ನಲ್ಲಿ ಆಫ್ ಇದೆ. ಪರಿಣಾಮ ಏನು? ಪರದೆ ತುಂಬ ಅಕ್ಷರ ಬಂದು, ಎಕ್ಸಿಟ್‌ಬಿಎಸ್ ಸ್ಟಾರ್ಟ್ ಅನ್ನುವ ಸಾಲಿಗೆ ನಿಂತುಬಿಡುತ್ತದೆ. ಅಷ್ಟೇ. ಎರರ್ ಇಲ್ಲ, ರೀಸ್ಟಾರ್ಟ್ ಇಲ್ಲ. ಆ ಸಾಲು ಬಂತು ಅಂದರೆ ಬೂಟ್‌ಲೋಡರ್ ತನ್ನ ಕೆಲಸ ಮುಗಿಸಿ ಯಂತ್ರವನ್ನು ಕರ್ನಲ್ ಕೈಗೆ ಕೊಡುತ್ತಿದೆ ಅಂತ. ತೊಂದರೆ ಇರುವುದು ಆ ಹಸ್ತಾಂತರದಲ್ಲಿ, ಅಂದರೆ ಮೆಮೊರಿ ಮ್ಯಾಪ್ ಸರಿಪಡಿಸುವ ಬೂಟರ್ ಕ್ವಿರ್ಕ್‌ಗಳಲ್ಲಿ, ಇಲ್ಲವೇ ಸಿಎಫ್‌ಜಿ ಲಾಕ್‌ನಲ್ಲಿ, ಎಎಂಡಿಯ ರೈಜೆನ್ ಪ್ರೊಸೆಸರ್ ಆದರೆ ಕರ್ನಲ್ ಪ್ಯಾಚ್‌ನಲ್ಲಿ. ರೈಜೆನ್ ಪ್ಯಾಚ್‌ನಲ್ಲಿ ಕೋರ್‌ಗಳ ಸಂಖ್ಯೆಯನ್ನು ನಾವೇ ಬರೆಯಬೇಕು. ಎಂಟು ಕೋರ್ ಇರುವವರ ಫೋಲ್ಡರನ್ನು ಆರು ಕೋರ್ ಇರುವವರು ಹಾಕಿಕೊಂಡರೆ ಇದೇ ಸಾಲಿನಲ್ಲಿ ನಿಲ್ಲುತ್ತದೆ. ತಾನೇ ಕಟ್ಟಿದ ಕಾನ್ಫಿಗ್ ಆದರೆ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ. ಡೌನ್‌ಲೋಡ್ ಮಾಡಿದ್ದಾದರೆ, ಅವರು ಯಾವುದನ್ನು ಯಾಕೆ ಆನ್ ಮಾಡಿದ್ದಾರೆ ಅಂತ ಯಾರನ್ನು ಕೇಳುವುದು?

ಓಪನ್‌ಕೋರ್ ಆವೃತ್ತಿಯದೂ ಇದೇ ಗೋಳು. ಕಾನ್ಫಿಗ್ ಫೈಲಿನ ರಚನೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಾ ಬಂದಿದೆ. ಹಳೆಯ ಕಾನ್ಫಿಗ್, ಹೊಸ ಓಪನ್‌ಕೋರ್ ಸೇರಿಸಿದರೆ ಬೂಟ್ ಆಗುವಾಗ ಪರದೆಯ ಮೇಲ್ಭಾಗದಲ್ಲಿ ನೋ ಸ್ಕೀಮಾ ಅಂತ ಸಾಲುಸಾಲು ಬರುತ್ತದೆ. ಕಾನ್ಫಿಗ್‌ನ ತಪ್ಪು ಹಿಡಿಯುವ ಓಸಿ ವ್ಯಾಲಿಡೇಟ್ ಅನ್ನುವ ಪುಟ್ಟ ಟೂಲ್ ಓಪನ್‌ಕೋರ್ ಜೊತೆಗೇ ಬರುತ್ತದೆ, ಅದನ್ನು ಓಡಿಸಿ ನೋಡುವವರು ಕಡಿಮೆ.

ಎಲ್ಲಕ್ಕಿಂತ ಕೆಟ್ಟದ್ದು ಸೀರಿಯಲ್ ನಂಬರ್. ಫೋಲ್ಡರ್ ಹಂಚುವವರು ಎಷ್ಟೋ ಸಲ ತಮ್ಮ ಸೀರಿಯಲ್, ಬೋರ್ಡ್ ಸೀರಿಯಲ್ ತೆಗೆಯದೇ ಹಂಚಿರುತ್ತಾರೆ. ಡೌನ್‌ಲೋಡ್ ಮಾಡಿಕೊಂಡ ಅಷ್ಟೂ ಜನರ ಯಂತ್ರ ಆಪಲ್ ಸರ್ವರ್‌ಗೆ ಒಂದೇ ಯಂತ್ರವಾಗಿ ಕಾಣುತ್ತದೆ. ಐಮೆಸೇಜ್, ಫೇಸ್‌ಟೈಮ್ ಸೈನ್ ಇನ್ ಆಗುವುದಿಲ್ಲ, ಅದು ಸಣ್ಣ ವಿಷಯ. ವರ್ಷಗಳಿಂದ ಫೋನಿನಲ್ಲಿ ಬಳಸುತ್ತಿರುವ ಆಪಲ್ ಐಡಿಯನ್ನೇ ಅದರಲ್ಲಿ ಹಾಕಿ, ಅದಕ್ಕೇ ತೊಡಕು ತಂದುಕೊಂಡರೆ? ಇನ್ನೊಂದು ಮಾತು, ಆ ಫೋಲ್ಡರ್ ಆಪರೇಟಿಂಗ್ ಸಿಸ್ಟಮ್ ಏಳುವುದಕ್ಕೂ ಮುಂಚೆ ಓಡುತ್ತದೆ, ಅದರಲ್ಲಿರುವ ಕೆಕ್ಸ್ಟ್‌ಗಳು ಕರ್ನಲ್ ಒಳಗೇ ಕೂರುತ್ತವೆ. ಗುರುತು ಪರಿಚಯ ಇಲ್ಲದವರ ಕೈಯಿಂದ ಬಂದದ್ದನ್ನು ಅಲ್ಲಿ ಕೂರಿಸುತ್ತೀರಾ?

ನಿಮ್ಮ ಓದುಗರು ಇನ್ನೂ ಬಿಡಿಭಾಗ ಕೊಂಡಿಲ್ಲವಾದರೆ ಅವರಿಗೆ ಮೊದಲು ಹೇಳಬೇಕಾದ್ದು ಗ್ರಾಫಿಕ್ಸ್ ಕಾರ್ಡ್ ಬಗ್ಗೆ. ಎನ್‌ವಿಡಿಯಾ ಮರೆತುಬಿಡಿ. ಮ್ಯಾಕ್ಸ್‌ವೆಲ್, ಪಾಸ್ಕಲ್ ಕಾರ್ಡ್‌ಗಳ ಡ್ರೈವರ್ ಹೈ ಸಿಯೆರಾ ಅನ್ನುವ ಮ್ಯಾಕ್‌ಓಎಸ್ ಆವೃತ್ತಿಗೇ ನಿಂತುಹೋಯಿತು, 2018ರ ಮೊಜಾವೆಗೆ ಬರಲೇ ಇಲ್ಲ. ಆರ್‌ಟಿಎಕ್ಸ್ ಅಂತೂ ಯಾವತ್ತೂ ಓಡಿಲ್ಲ. ಎಎಂಡಿಯಲ್ಲೂ ಕಣ್ಣು ಮುಚ್ಚಿ ಕೊಳ್ಳುವ ಹಾಗಿಲ್ಲ. ಆರ್‌ಎಕ್ಸ್ 580 ಓಡುತ್ತದೆ, 5700 ಎಕ್ಸ್‌ಟಿ ಓಡುತ್ತದೆ, 6600 ಮತ್ತು 6800 ಓಡುತ್ತವೆ, ನಡುವಿನ 6700 ಎಕ್ಸ್‌ಟಿಗೆ ಮಾತ್ರ ಆಪಲ್ ಡ್ರೈವರ್ ಕೊಟ್ಟಿಲ್ಲ. 7000 ಸರಣಿ ಪೂರ್ತಿ ಇಲ್ಲ. ಆರ್‌ಎಕ್ಸ್ 550 ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಚಿಪ್ ಮಾರಿದ್ದಾರೆ, ಬ್ಯಾಫಿನ್ ಓಡುತ್ತದೆ, ಲೆಕ್ಸಾ ಓಡುವುದಿಲ್ಲ, ಡಬ್ಬದ ಮೇಲೆ ಅದನ್ನು ಬರೆದಿರುವುದಿಲ್ಲ. ಕಾರ್ಡ್ ಬೇಡ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಸಾಕು ಅನ್ನುವವರಿಗೆ ಡೆಸ್ಕ್‌ಟಾಪ್‌ನಲ್ಲಿ ಇಂಟೆಲ್ 10ನೇ ತಲೆಮಾರಿನ ಯುಎಚ್‌ಡಿ 630 ಕೊನೆಯದು. 11ನೆಯದರಿಂದ ಆಚೆಗೆ ಕಾರ್ಡ್ ಬೇಕೇ ಬೇಕು.

ಎಸ್‌ಎಸ್‌ಡಿಯಲ್ಲಿ ಸ್ಯಾಮ್‌ಸಂಗ್ ಪಿಎಂ981 ಬೇಡ, ಕರ್ನಲ್ ಪ್ಯಾನಿಕ್‌ಗೆ, ಅಂದರೆ ಸಿಸ್ಟಮ್ ಕುಸಿದು ಬೀಳುವುದಕ್ಕೆ, ಹೆಸರುವಾಸಿ. ವೈಫೈನಲ್ಲಿ ಮೊದಲೆಲ್ಲ ಬ್ರಾಡ್‌ಕಾಮ್ ಕಾರ್ಡ್ ಹಾಕಿದರೆ ನಿಶ್ಚಿಂತೆ ಅನ್ನುತ್ತಿದ್ದರು, 2023ರ ಸೊನೋಮಾದಲ್ಲಿ ಆಪಲ್ ಆ ಡ್ರೈವರನ್ನೇ ತೆಗೆಯಿತು. ಇಂಟೆಲ್ ವೈಫೈಗೆ ಉತ್ಸಾಹಿಗಳು ಬರೆದ ಕೆಕ್ಸ್ಟ್ ಇದೆ, ಇಂಟರ್ನೆಟ್ ಬರುತ್ತದೆ, ಏರ್‌ಡ್ರಾಪ್ ಬರುವುದಿಲ್ಲ. ಕೇಬಲ್ ಎಳೆದುಕೊಳ್ಳುವುದೇ ವಾಸಿ.

ಇನ್ನು ಯುಎಸ್‌ಬಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಮಲಗಿಸಿದ ಯಂತ್ರ ತಕ್ಷಣ ಎದ್ದು ಕೂರುವುದು, ಬ್ಲೂಟೂತ್ ಬಂದು ಹೋಗುವುದು, ಇನ್‌ಸ್ಟಾಲರ್ ಮಧ್ಯದಲ್ಲಿ ಅಡ್ಡಗೆರೆಯ ವೃತ್ತ ತೋರಿಸಿ ನಿಲ್ಲುವುದು, ಎಷ್ಟೋ ಸಲ ಎಲ್ಲದರ ಮೂಲ ಇಲ್ಲೇ ಸಿಗುತ್ತದೆ. ಮ್ಯಾಕ್‌ಓಎಸ್ ಒಂದು ಯುಎಸ್‌ಬಿ ಕಂಟ್ರೋಲರ್‌ಗೆ 15 ಪೋರ್ಟ್ ಮಾತ್ರ ಒಪ್ಪುತ್ತದೆ. ನನ್ನ ಯಂತ್ರದಲ್ಲಿ ಇರೋದೇ ಎಂಟು ಪೋರ್ಟ್ ಅಂತ ನಗಬೇಡಿ. ಹೊರಗೆ ಕಾಣುವ ಒಂದು ನೀಲಿ ಪೋರ್ಟ್ ಅದರ ಲೆಕ್ಕದಲ್ಲಿ ಎರಡು. ಹಳೆಯ ಮೌಸ್ ಸಿಕ್ಕಿಸಿದರೆ ಎಚ್‌ಎಸ್ ಅನ್ನುವ ಒಂದು, ಯುಎಸ್‌ಬಿ 3 ಪೆನ್‌ಡ್ರೈವ್ ಸಿಕ್ಕಿಸಿದರೆ ಎಸ್‌ಎಸ್ ಅನ್ನುವ ಇನ್ನೊಂದು. ಎಂಟು ನೀಲಿ ಪೋರ್ಟ್ ಅಂದರೆ ಅಲ್ಲಿಗೆ 16. ಬೋರ್ಡಿನ ಒಳಗೆ ಬ್ಲೂಟೂತ್‌ಗೆ ಒಂದು, ಬಣ್ಣದ ಲೈಟ್ ನಿಯಂತ್ರಿಸುವ ಚಿಪ್‌ಗೆ ಒಂದು, ಅವೂ ಎಣಿಕೆಗೆ ಬರುತ್ತವೆ. ಹೆಚ್ಚಾದದ್ದು ಸದ್ದಿಲ್ಲದೆ ಬಿಟ್ಟುಹೋಗುತ್ತದೆ.

ಪೋರ್ಟ್ ಲಿಮಿಟ್ ತೆಗೆಯುವ ಕ್ವಿರ್ಕ್ ಒಂದು ಇದೆ, ಹಳೆಯ ರೆಡಿಮೇಡ್ ಫೋಲ್ಡರ್‌ಗಳಲ್ಲಿ ಅದು ಆನ್ ಆಗಿಯೇ ಇರುತ್ತದೆ. ಬಿಗ್ ಸರ್ 11.3ರಿಂದ ಅದನ್ನು ನಂಬುವ ಹಾಗಿಲ್ಲ. ಅಪ್‌ಡೇಟ್ ಒತ್ತಿದವರ ಯಂತ್ರಗಳು ರೀಸ್ಟಾರ್ಟ್ ಆಗುತ್ತಲೇ ಕೂತವು. ಸರಿಯಾದ ದಾರಿ ಮ್ಯಾಪಿಂಗ್, ಅಂದರೆ ಬೇಕಾದ ಪೋರ್ಟ್‌ಗಳ ಪಟ್ಟಿ ನಾವೇ ಮಾಡಿಕೊಡುವುದು. ಯುಎಸ್‌ಬಿ ಟೂಲ್‌ಬಾಕ್ಸ್ ಅನ್ನುವುದು ವಿಂಡೋಸ್‌ನಲ್ಲೇ ಓಡುತ್ತದೆ, ಹಾಗಾಗಿ ಮ್ಯಾಕ್‌ಓಎಸ್ ಹಾಕುವ ಮುಂಚೆಯೇ ಮಾಡಿ ಮುಗಿಸಬಹುದು. ಒಂದು ಯುಎಸ್‌ಬಿ 2 ಸಾಧನ, ಒಂದು ಯುಎಸ್‌ಬಿ 3 ಪೆನ್‌ಡ್ರೈವ್ ಹಿಡಿದುಕೊಂಡು ಪ್ರತಿ ಪೋರ್ಟ್‌ಗೂ ಎರಡನ್ನೂ ಸಿಕ್ಕಿಸಿ ತೆಗೆಯಬೇಕು. ಪರದೆಯ ಮೇಲೆ ಯಾವ ಹೆಸರು ಬೆಳಗುತ್ತದೆ ಅಂತ ಗುರುತು ಹಾಕಿಕೊಳ್ಳಬೇಕು. ಟೈಪ್ ಸಿ ಆದರೆ ತಿರುಗಿಸಿಯೂ ಸಿಕ್ಕಿಸಬೇಕು, ಕೆಲವು ಬೋರ್ಡ್‌ಗಳಲ್ಲಿ ತಿರುಗಿಸಿದಾಗ ಬೇರೆ ಪೋರ್ಟ್ ತೋರಿಸುತ್ತದೆ. ಕೀಬೋರ್ಡ್, ಮೌಸ್ ಹಾಕುವ ಪೋರ್ಟ್‌ಗಳಿಗೆ ಎಸ್‌ಎಸ್ ಯಾಕೆ ಬೇಕು? ಅವನ್ನು ಬಿಟ್ಟುಬಿಡಿ, 15ರೊಳಗೆ ಬರುತ್ತದೆ. ಬೇಜಾರಿನ ಕೆಲಸ, ನಿಜ. ಆದರೆ ನಿಮ್ಮ ಕೇಸಿನ ಮುಂದಿನ ಪೋರ್ಟ್ ಯಾವ ಹೆಡರ್‌ಗೆ ಸಿಕ್ಕಿಸಿದ್ದೀರಿ ಅಂತ ಡೌನ್‌ಲೋಡ್ ಮಾಡಿದ ಫೋಲ್ಡರ್‌ಗೆ ಗೊತ್ತಿರಲು ಸಾಧ್ಯವೇ ಇಲ್ಲ.

ಬಯಾಸ್ ಬಗ್ಗೆ ಒಂದು ಸಾಲು. ಸೆಕ್ಯೂರ್ ಬೂಟ್, ಫಾಸ್ಟ್ ಬೂಟ್, ಸಿಎಸ್‌ಎಂ ಆಫ್ ಇರಲಿ, ಸಾಟಾ ಎಎಚ್‌ಸಿಐನಲ್ಲಿರಲಿ, ಬಯಾಸ್ ಅಪ್‌ಡೇಟ್ ಮಾಡಿದ ಮೇಲೆ ಇವೆಲ್ಲ ಹಳೆಯ ಜಾಗಕ್ಕೆ ಮರಳಿರುತ್ತವೆ ಅನ್ನುವುದು ನೆನಪಿರಲಿ. ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ಬೂಟ್ ಆಗ್ತಿಲ್ಲ ಅನ್ನುವವರು ಮೊದಲು ನೋಡಬೇಕಾದ್ದು ಇಲ್ಲಿ.

ಯಾವುದೇ ತೊಂದರೆ ಬಂದರೂ ವರ್ಬೋಸ್ ಮೋಡ್‌ನಲ್ಲಿ (ಬೂಟ್ ಆಗುವ ಹಂತಗಳನ್ನು ಅಕ್ಷರದಲ್ಲಿ ತೋರಿಸುವ ಮೋಡ್) ಬೂಟ್ ಮಾಡಿ ಕೊನೆಯ ಹತ್ತು ಸಾಲಿನ ಫೋಟೋ ತೆಗೆದುಕೊಳ್ಳಿ. ಸೇಬಿನ ಚಿತ್ರ ನೋಡುತ್ತಾ ಕೂತರೆ ಏನೂ ತಿಳಿಯುವುದಿಲ್ಲ. ವೇಟಿಂಗ್ ಫಾರ್ ರೂಟ್ ಡಿವೈಸ್ ಅಂತ ಬಂದರೆ ಡಿಸ್ಕ್ ಅಥವಾ ಪೆನ್‌ಡ್ರೈವ್ ಅದಕ್ಕೆ ಕಾಣುತ್ತಿಲ್ಲ, ಪೋರ್ಟ್ ಬದಲಿಸಿ ನೋಡಿ. ಸಾಲುಗಳೆಲ್ಲ ಸರಾಗವಾಗಿ ಓಡಿ ಆಮೇಲೆ ಪರದೆ ಕಪ್ಪಾದರೆ ಗ್ರಾಫಿಕ್ಸ್ ಕಡೆ ನೋಡಿ. 5700, 6600ರಂಥ ನಾವಿ ಕಾರ್ಡ್‌ಗಳಿಗೆ ಪೈಕೆರಾ ಅನ್ನುವ ಬೂಟ್ ಆರ್ಗ್ಯುಮೆಂಟ್ (ಬೂಟ್ ಆಗುವಾಗ ಕೊಡುವ ಸೂಚನೆ) ಹಾಕದೆ ಬಿಟ್ಟಿದ್ದರೆ ಹೀಗಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಅಂತ ದೇವರಿಗೂ ತಿಳಿಯುವುದಿಲ್ಲ.

ನಿಮ್ಮ ಉತ್ತರದಲ್ಲಿ ಇರಲೇಬೇಕಿದ್ದ ಇನ್ನೊಂದು ವಿಷಯ, ಈ ಆಟ ಹೆಚ್ಚು ದಿನ ನಡೆಯುವುದಿಲ್ಲ. ಆಪಲ್ ತನ್ನದೇ ಚಿಪ್‌ಗೆ ಹೋಗುತ್ತೇನೆ ಅಂತ 2020ರ ಜೂನ್‌ನಲ್ಲೇ ಹೇಳಿತ್ತು. 2025ರಲ್ಲಿ ಬಂದ ಮ್ಯಾಕ್‌ಓಎಸ್ 26 ಟಾಹೋ, ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ಆವೃತ್ತಿ ಅಂತ ಅವರೇ ಹೇಳಿದ್ದಾರೆ. ಆಮೇಲೆ ಕೆಲವು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ. ಟಾಹೋದಲ್ಲೇ ಹಳೆಯ ಆಪಲ್‌ಎಚ್‌ಡಿಎ ಸೌಂಡ್ ಡ್ರೈವರ್ ತೆಗೆದಿರುವುದರಿಂದ ಹಳೆಯ ವಿಧಾನದಲ್ಲಿ ಸದ್ದೂ ಬರುವುದಿಲ್ಲ. ಕೈಯಲ್ಲಿ 8, 9, 10ನೇ ತಲೆಮಾರಿನ ಇಂಟೆಲ್ ಪಿಸಿ ಸುಮ್ನೆ ಕೂತಿದ್ದರೆ ಖಂಡಿತ ಮಾಡಿ ನೋಡಲಿ, ಕಂಪ್ಯೂಟರ್ ಹೇಗೆ ಏಳುತ್ತದೆ ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಇದಕ್ಕಾಗಿಯೇ ಹೊಸದಾಗಿ ದುಡ್ಡು ಹಾಕುವವರಾದರೆ ಬೇಡ ಅನ್ನುತ್ತೇನೆ. ಮ್ಯಾಕ್‌ಓಎಸ್‌ನಲ್ಲೇ ದಿನದ ಕೆಲಸ ಆಗಬೇಕಾದವರು ಎಂ1 ಮ್ಯಾಕ್ ಮಿನಿಯನ್ನೇ ಹಳೆಯದಾದರೂ ಸರಿ ಕೊಳ್ಳಲಿ.

ಸಾಧ್ಯವಾದರೆ ಮುಂದಿನ ಅಂಕಣದಲ್ಲಿ ಆ ಉತ್ತರ ತಿದ್ದಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ನೆಟ್‌ವರ್ಕ್ ಚಿಪ್, ಆಡಿಯೋ ಕೋಡೆಕ್ (ಸೌಂಡ್ ಚಿಪ್), ಎಸ್‌ಎಸ್‌ಡಿ ಇಷ್ಟರ ಪೂರ್ತಿ ಹೆಸರನ್ನು ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ನೋಡಿ ಬರೆದು ಕಳಿಸಲು ಆ ಓದುಗರಿಗೆ ಹೇಳಿ. ಆ ಪಟ್ಟಿ ಕೈಗೆ ಬಂದ ಮೇಲೆ ಅವರ ಪಿಸಿಯಲ್ಲಿ ಆಗುತ್ತದೋ ಇಲ್ಲವೋ ಅಂತ ನಿಮ್ಮ ಅಂಕಣಕಾರರು ಸರಿಯಾಗಿ ಹೇಳಬಹುದು. ಆಗುವ ಹಾಗಿದ್ದರೆ ಡೋರ್ಟಾನಿಯಾ ತಂಡದ ಓಪನ್‌ಕೋರ್ ಗೈಡ್ ಮುಂದಿಟ್ಟುಕೊಂಡು ಖಾಲಿ ಫೋಲ್ಡರ್‌ನಿಂದ ಶುರು ಮಾಡಲಿ.

ಇಂತಿ,
ನಿಮ್ಮ ಅಂಕಣದ ಖಾಯಂ ಓದುಗ