ಸೌದಿಯ ಹೆಸರು ಹೇಳಿ ಹುಡುಗಿಯರ ಸೈಕಲ್ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ನಾನು 2009ರಿಂದ 2019ರವರೆಗೆ ಸೌದಿ ಅರೇಬಿಯಾದ ಜಿದ್ದಾದಲ್ಲಿ ಎ.ಸಿ. ಮೆಕ್ಯಾನಿಕ್ ಆಗಿ ದುಡಿದು ಬಂದವನು. ಈಗ ವಿಜಯಪುರದಲ್ಲಿ ಸ್ವಂತ ಅಂಗಡಿ ಇಟ್ಟಿದ್ದೇನೆ. ಒಂಬತ್ತನೇ ತರಗತಿಯ ಮಗಳಿಗೆ ಸೈಕ್ಲಿಂಗ್ ಹುಚ್ಚು. ನಮ್ಮ ಕಡೆ ಇದು ಹೊಸದಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ಹೋದ ಹುಡುಗ, ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಆದರೂ ಹೋದ ತಿಂಗಳು ಮದುವೆಯೊಂದರಲ್ಲಿ ಊಟಕ್ಕೆ ಕೂತಾಗ ಸಂಬಂಧಿಕ ಹಿರಿಯರೊಬ್ಬರು ಎಲ್ಲರೆದುರು, ‘ಹತ್ತು ವರ್ಷ ಸೌದ್ಯಾಗ ಇದ್ದು ಬಂದಾಂವ ನೀ. ಅಲ್ಲಿ ಹೆಣ್ಮಕ್ಕಳು ಹಿಂಗ ರೋಡಿಗೆ ಇಳೀತಾರೇನ?’ ಎಂದು ಕೇಳಿದರು. ಅನ್ನದ ಮುಂದೆ ವಾದ ಬೇಡವೆಂದು ಸುಮ್ಮನಾದೆ. ಮಗಳು ಪಕ್ಕದ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅಂದು ಹೇಳದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೋದ ಹೊಸತರಲ್ಲಿ ಅವರು ಹೇಳಿದ ಹಾಗೇ ಇತ್ತು. ಸರ್ಕಾರಿ ಹೆಣ್ಣುಮಕ್ಕಳ ಶಾಲೆಗಳಲ್ಲಿ ಆಟದ ಪಿರಿಯಡ್ ಇರಲಿಲ್ಲ. ಫುಟ್‌ಬಾಲ್ ನೋಡಲು ಹೆಂಗಸರನ್ನು ಸ್ಟೇಡಿಯಂ ಒಳಗೆ ಬಿಡುತ್ತಿರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ಗೆ ಆ ದೇಶ ಮೊದಲ ಸಲ ಇಬ್ಬರು ಹೆಣ್ಣುಮಕ್ಕಳನ್ನು ಕಳಿಸಿತು. ವುಜ್ದಾನ್ ಶಹರ್ಖಾನಿ ಜುಡೊದಲ್ಲಿ 82 ಸೆಕೆಂಡಿಗೇ ಸೋತಳು. ಸಾರಾ ಅತ್ತಾರ್ 800 ಮೀಟರ್ ಓಡಿದಳು. ಅದು ರಂಜಾನ್ ತಿಂಗಳು. ರಾತ್ರಿ ರೂಮಿನಲ್ಲಿ ಮಲಬಾರಿನವರು, ಹೈದರಾಬಾದಿನವರು, ನಾನು ಎಲ್ಲ ಒಂದೇ ಮೊಬೈಲಿಗೆ ಮುಖ ಕೊಟ್ಟು ಆ ಓಟ ನೋಡಿದೆವು. ತಲೆ ಮುಚ್ಚಿದ ಬಿಳಿ ಬಟ್ಟೆ, ತುಂಬುತೋಳಿನ ಹಸಿರು ಅಂಗಿ. ಉಳಿದವರೆಲ್ಲ ಗುರಿ ಮುಟ್ಟಿ ಅರ್ಧ ನಿಮಿಷ ಕಳೆದ ಮೇಲೂ ಈಕೆ ಒಬ್ಬಳೇ ಓಡುತ್ತಿದ್ದಳು, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ರೂಮಿನಲ್ಲಿ ಒಬ್ಬರೂ ನಗಲಿಲ್ಲ. ಮೊರಾಕ್ಕೊದವನೊಬ್ಬ ನಮ್ಮ ಜೊತೆ ಕೆಲಸಕ್ಕಿದ್ದ. ಅವನ ತಂಗಿಯ ಹೆಸರು ನವಾಲ್. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅವರ ದೇಶದ ನವಾಲ್ ಎಲ್ ಮುತವಕೀಲ್ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದ ದಿನ ಹುಟ್ಟಿದ ಹೆಣ್ಣುಕೂಸುಗಳಿಗೆಲ್ಲ ಅದೇ ಹೆಸರಿಡಿ ಎಂದು ರಾಜ ಎರಡನೇ ಹಸನ್ ಹೇಳಿದ್ದರಂತೆ. ಅದೂ ಅರಬರ ನಾಡೇ.

ಸೈಕಲ್ ಸುದ್ದಿಗೆ ಬರುತ್ತೇನೆ. 2013ರಲ್ಲಿ ಸೌದಿಯಲ್ಲಿ ಹೆಂಗಸರು ಸೈಕಲ್ ಹೊಡೆಯಬಹುದು ಎಂದಾಯಿತು. ಆದರೆ ಪಾರ್ಕಿನಂಥ ಜಾಗದಲ್ಲಿ ಮಾತ್ರ, ಮೈತುಂಬ ಅಬಾಯಾ ಎಂಬ ನಿಲುವಂಗಿ ಇರಬೇಕು, ಜೊತೆಗೆ ಮನೆಯ ಗಂಡಸು ಇರಬೇಕು. 2018ರ ಹೊತ್ತಿಗೆ ಜಿದ್ದಾದ ಸಮುದ್ರದ ದಂಡೆಯಲ್ಲಿ ಸಂಜೆ ಹುಡುಗಿಯರು ತಾವೇ ಗುಂಪು ಕಟ್ಟಿಕೊಂಡು ಸೈಕಲ್ ಮೇಲೆ ಹೋಗುವುದನ್ನು ನಾನು ನೋಡಿದ್ದೇನೆ. ಅವರು ತೊಟ್ಟಿದ್ದ ಅಬಾಯಾ ಪೈಜಾಮದಂತೆ ಕಾಲು ಬೇರೆ ಮಾಡಿ ಹೊಲಿದದ್ದು. ಮುಂದೆ ಜಿಪ್, ಪಾದದ ಹತ್ತಿರ ಇಲಾಸ್ಟಿಕ್, ಚೈನಿಗೆ ಸಿಕ್ಕಿಕೊಳ್ಳುವ ಮಾತೇ ಇಲ್ಲ. ಹೊಲಿಗೆ ಬಲ್ಲ ನನ್ನ ಹೆಂಡತಿ ಅದರ ಫೋಟೊ ನೋಡಿಯೇ ಮಗಳಿಗೆ ಬೂದು ಬಣ್ಣದ್ದೊಂದು ಹೊಲಿದುಕೊಟ್ಟಿದ್ದಾಳೆ. ಎರಡು ಸಲ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು, ಪೆಡಲ್ ತುಳಿಯುವಾಗ ಮೊಣಕಾಲು ಬಿಗಿಯುತ್ತಿತ್ತು.

2017ರ ಜುಲೈನಲ್ಲಿ ಅಲ್ಲಿನ ಸರ್ಕಾರ ಹೆಣ್ಣುಮಕ್ಕಳ ಶಾಲೆಗಳಿಗೆ ದೈಹಿಕ ಶಿಕ್ಷಣ ತರುವುದಾಗಿ ಪ್ರಕಟಿಸಿತು. ಮರುವರ್ಷ ಬೇಸಿಗೆ ರಜೆಯಲ್ಲಿ ಅಂಥ ಒಂದು ಶಾಲೆಯ ಹಾಲ್‌ಗೆ ಎ.ಸಿ. ಕೂಡಿಸಲು ಹೋಗಿದ್ದೆ. ಮೊದಲೊಮ್ಮೆ ಹೋದಾಗ ಅದರಲ್ಲಿ ಮುರಿದ ಬೆಂಚು ಒಟ್ಟಿದ್ದರು. ಈಗ ಎರಡೂ ತುದಿಗೆ ಬಾಸ್ಕೆಟ್‌ಬಾಲ್ ರಿಂಗ್, ನೆಲದ ಮೇಲೆ ಬಣ್ಣದ ಗೆರೆ, ಮೂಲೆಯಲ್ಲಿ ಬಲೆಚೀಲದ ತುಂಬ ಚೆಂಡು. ಆ ಬಲೆಗೆ ಯಾವುದೋ ಹುಡುಗಿಯ ಕೂದಲಿನ ರಬ್ಬರ್‌ಬ್ಯಾಂಡ್ ಸಿಕ್ಕಿಕೊಂಡಿತ್ತು. ಊರಲ್ಲಿದ್ದ ನನ್ನ ಮಗಳು ನೆನಪಾಗಿ ಏಣಿಯ ಮೇಲೆಯೇ ಸ್ವಲ್ಪ ಹೊತ್ತು ನಿಂತೆ. ಅದೇ ವರ್ಷ ಜನವರಿ 12, ಶುಕ್ರವಾರ, ಜಿದ್ದಾದಲ್ಲಿ ಅಲ್ ಅಹ್ಲಿ ಮತ್ತು ಅಲ್ ಬಾತಿನ್ ತಂಡಗಳ ಫುಟ್‌ಬಾಲ್ ಪಂದ್ಯಕ್ಕೆ ಹೆಂಗಸರನ್ನು ಮೊದಲ ಬಾರಿ ಒಳಗೆ ಬಿಟ್ಟಿದ್ದರು. ನಮ್ಮ ಕಫೀಲರ (ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಮಾಲೀಕರ) ಮನೆಯ ಹೆಣ್ಣುಮಕ್ಕಳೂ ಹೋದರು. ಅವರನ್ನು ಬಿಟ್ಟು ಬಂದವನು ಕೇರಳದ ಡ್ರೈವರ್; ಆಗಿನ್ನೂ ಅಲ್ಲಿ ಹೆಂಗಸರು ಕಾರು ಓಡಿಸುವ ಹಾಗಿರಲಿಲ್ಲ.

ಅಲ್ಲಿ ಎಲ್ಲ ಸರಿಹೋಗಿದೆ ಎಂದು ನಾನು ಹೇಳುತ್ತಿಲ್ಲ. 2018ರ ಜೂನ್ 24ರಂದು ಹೆಂಗಸರಿಗೆ ಕಾರು ಓಡಿಸಲು ಬಿಟ್ಟರು ನಿಜ, ಆದರೆ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಲುಜೈನ್ ಅಲ್ ಹತ್‌ಲೂಲ್ ಅವರನ್ನು ಅದಕ್ಕೂ ಒಂದು ತಿಂಗಳ ಮೊದಲೇ ಹಿಡಿದು ಒಳಗೆ ಹಾಕಿದ್ದರು. ಹೊರಬಂದದ್ದು 2021ರ ಫೆಬ್ರುವರಿಯಲ್ಲಿ. 2034ರ ವಿಶ್ವಕಪ್ ಫುಟ್‌ಬಾಲ್ ಈಗ ಆ ದೇಶಕ್ಕೆ ಸಿಕ್ಕಿದೆ. ದುಡ್ಡು ಸುರಿದು ಆಟ ತರುವುದು ಹೆಸರಿಗೆ ಹತ್ತಿದ ಮಸಿ ತೊಳೆದುಕೊಳ್ಳಲು ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಆ ಶಾಲೆಯ ಹಾಲ್‌ನಲ್ಲಿ ಕಂಡ ಚೆಂಡುಗಳೂ ಸುಳ್ಳಲ್ಲ. ಅಲ್ಲಿ ರಾಜರ ಅಪ್ಪಣೆ ಬೇಕಾಯಿತು. ಇಲ್ಲಿ ಯಾರ ಅಪ್ಪಣೆ ಬೇಕು?

ಧರ್ಮದ ಮಾತೆತ್ತುವವರಿಗೂ ಒಂದು ನೆನಪಿಸಬೇಕು. ಪ್ರವಾದಿಯವರು (ಸ) ಪತ್ನಿ ಆಯಿಷಾ ಅವರೊಡನೆ ಓಟದ ಪಂದ್ಯ ಕಟ್ಟಿದ್ದು, ಮೊದಲ ಸಲ ಆಯಿಷಾ ಅವರೇ ಗೆದ್ದದ್ದು ಹದೀಸ್‌ನಲ್ಲಿದೆ (ಪ್ರವಾದಿಯವರ ನಡೆನುಡಿಗಳ ವರದಿಗಳಲ್ಲಿ). ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಕೇಳುತ್ತ ಬಂದದ್ದು. ಇನ್ನು ಊರಿನ ಮಾತು ಬಂದರೆ, ನಮ್ಮ ಆದಿಲ್‌ಶಾಹಿ ರಾಣಿ ಚಾಂದ್ ಬೀಬಿ ಕುದುರೆಯೇರಿ ಗಿಡುಗ ಹಾರಿಸುವ ಚಿತ್ರ ಯಾರು ನೋಡಿಲ್ಲ?

ಇದು ಬರೀ ಮುಸ್ಲಿಮರ ಮನೆಯ ಸಮಸ್ಯೆ ಎಂದು ಯಾರೂ ತಿಳಿಯಬಾರದು. ಮಗಳ ಜೊತೆ ಸೈಕಲ್ ಕಲಿಯುತ್ತಿದ್ದ ಹಿಂದೂ ಗೆಳತಿಯನ್ನು ಎಂಟನೇ ತರಗತಿ ಮುಗಿಯುತ್ತಲೇ ಬಿಡಿಸಿದರು. ‘ದೊಡ್ಡಾಕಿ ಆಗ್ಯಾಳ್ರೀ, ಚಡ್ಡಿ ಹಾಕ್ಕೊಂಡು ಹೋದ್ರ ನಾಳೆ ಗಂಡು ಯಾರು ಕೊಡ್ತಾರ?’ ಎಂದರು ಆ ಹುಡುಗಿಯ ತಾಯಿ. ನನ್ನ ಮಗಳಿಗಿಂತ ಆ ಹುಡುಗಿಯೇ ಜೋರು ಇದ್ದಳು.

ನಾನು ಕೇಳುವುದು ದೊಡ್ಡದೇನಲ್ಲ. ನಗರದ ಮೈದಾನವೊಂದರಲ್ಲಿ ವಾರಕ್ಕೆ ಮೂರು ದಿನ ಬೆಳಗ್ಗೆ 6ರಿಂದ 7.30ರವರೆಗೆ ಹೆಣ್ಣುಮಕ್ಕಳಿಗೆಂದೇ ಸಮಯ ಬಿಡಲಿ, ಒಬ್ಬ ಮಹಿಳಾ ತರಬೇತುದಾರರನ್ನು ಕೊಡಲಿ. ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ತೆಗೆದಿರಲಿ. ನಾನು ಮೂರು ಸಲ ಹೋದೆ, ಮೂರೂ ಸಲ ಬೀಗ. ಕೀಲಿ ಯಾರ ಹತ್ತಿರ ಎಂದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಇಷ್ಟಾದರೆ ಆ ಗೆಳತಿಯ ತಾಯಿಯ ಹತ್ತಿರ ನನ್ನ ಹೆಂಡತಿ ಇನ್ನೊಮ್ಮೆ ಹೋಗಿ ಮಾತಾಡುವುದಾಗಿ ಹೇಳಿದ್ದಾಳೆ.

ಸದ್ಯಕ್ಕೆ ಮಗಳು ಬೆಳಗ್ಗೆ 5.30ಕ್ಕೆ ಭೂತನಾಳ ಕೆರೆಯ ಕಡೆ ಸೈಕಲ್ ಹೊಡೆಯುತ್ತಾಳೆ. ಇನ್ನೂ ಕತ್ತಲಿರುತ್ತದೆ. ನಾನು ಹಿಂದಿನಿಂದ ಬೈಕಿನಲ್ಲಿ ಲೈಟು ಹಿಡಿದು ಹೋಗುತ್ತೇನೆ.

– ಒಬ್ಬ ತಂದೆ, ವಿಜಯಪುರ